ಲೇಸಿಲ್ಲದ ಬೂಟು

ಅಕ್ಕನಿಗೆ ನಮಸ್ಕಾರ.

ಭಾವನ ಕೈಯಲ್ಲಿ ಎಡಗಾಲಿನ ಬೂಟು ಕಳಿಸಿದ್ದೇನೆ. ಬೆರಳುಗಳಿದ್ದ ಜಾಗಕ್ಕೆ ಹತ್ತಿ ತುಂಬಿದ್ದೇನೆ.

‘ಹಾವು ಕಚ್ಚಿದಾಗ ನನ್ನ ತಮ್ಮ ಕಾಲಿಗೆ ಪಟ್ಟಿ ಕಟ್ಟಿದ್ದಕ್ಕೇ ನಾನು ಬದುಕಿದೆ’ ಎಂದು ಬಂದವರಿಗೆಲ್ಲ ಹೇಳುತ್ತೀಯಂತೆ. ಇನ್ನು ಹೇಳಬೇಡ. ನಿನ್ನನ್ನು ಉಳಿಸಿದ್ದು ಆಸ್ಪತ್ರೆಯ ಇಂಜೆಕ್ಷನ್. ಬೆರಳು ಹೋದದ್ದು ನಾನು ಬಿಗಿದ ಚರ್ಮದ ಪಟ್ಟಿಯಿಂದ. ಡಾಕ್ಟರು ಅಂದೇ ಕೇಳಿದ್ದರು: ‘ಯಾರ್ರೀ ಹೀಗೆ ಕಟ್ಟಿದ್ದು? ಬೆರಳಿಗೆ ರಕ್ತನೇ ಹೋಗಿಲ್ಲ.’ ‘ಗೊತ್ತಿಲ್ಲ ಸಾರ್’ ಎಂದುಬಿಟ್ಟೆ.

ದಾರಿಯುದ್ದಕ್ಕೂ ನೀನು ‘ಸ್ವಲ್ಪ ಸಡಿಲ ಮಾಡೋ’ ಎಂದು ಗೋಗರೆದೆ. ಬೂಟು ಹೊಲಿಯುವವನ ಕೈ. ಇನ್ನೂ ಒಂದು ಸುತ್ತು ಬಿಗಿದೆ.

ಇದಕ್ಕೆ ಲೇಸ್ ಇಟ್ಟಿಲ್ಲ. ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡು. ಎಲ್ಲಾದರೂ ಬಿಗಿಯಾದರೆ ಒಂದು ಮಾತು ಹೇಳಿ ಕಳಿಸು. ಈ ಸಲ ಸಡಿಲ ಮಾಡುತ್ತೇನೆ.

ನಿನ್ನ ತಮ್ಮ