ಬಗಲಲ್ಲಿದ್ದ ತವರಿನ ಕೋಳಿ

ಬೋನಾಳ
೧೧-೩-೨೦೨೫

ಮುದ್ದಿನ ಮಗಳು ಭಾರತಿಗೆ ಅವ್ವ ಸುಗಲಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಮ್ಮ ಕೋಳಿಗಳೂ ಚೆನ್ನಾಗಿವೆ. ಇದನ್ನು ನಿನ್ನ ಅತ್ತೆಗೆ ಮೊದಲು ಓದಿ ಹೇಳು. ನಿಮ್ಮೂರು ಗೋಗಿಯಿಂದ ಬಂದವಳು ಬರೆಯುವುದಕ್ಕೆ ಇಷ್ಟು ದಿನ ಮಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಮೊದಲು ಸಿಟ್ಟಿತ್ತು, ಆಮೇಲೆ ಕೆಲಸವಿತ್ತು. ಫೋನ್ ಮಾಡೋಣವೆಂದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕಿ ಓಣಿಗೆಲ್ಲ ಕೇಳಿಸುತ್ತಾರೆ. ಅದಕ್ಕೇ ನಿಮ್ಮೂರಿಗೆ ಬಳೆ ಮಾರಲು ಬರುವ ಸವಿತಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ಈ ಹೆರಿಗೆ ಶಹಾಪುರದ ಆಸ್ಪತ್ರೆಯಲ್ಲಿ ಅವಸರದಲ್ಲಿ ಆಯಿತು, ಅಲ್ಲಿಂದ ನೇರವಾಗಿ ಗೋಗಿಗೆ ಕರೆದುಕೊಂಡು ಹೋದರು. ಬಾಣಂತನವಂತೂ ನನ್ನ ಕೈಯಲ್ಲಿ ಆಗಲಿಲ್ಲ, ತವರಿನ ಕೋಳಿಯಾದರೂ ಬಾಣಂತಿಗೆ ಮುಟ್ಟಬೇಕಲ್ಲ! ನನ್ನವ್ವ ನನಗೆ ತಂದ ಹಾಗೆಯೇ ನಾನೂ ಆ ಕೆಂಪು ಕೋಳಿಯನ್ನು ಬಗಲಲ್ಲಿ ಅವುಚಿಕೊಂಡು ಬಂದೆ. ನಿನ್ನ ಅತ್ತೆ ದೇವಕಮ್ಮ ಬಾಗಿಲಲ್ಲೇ ಅಡ್ಡ ನಿಂತರು.

"ಹಕ್ಕಿ ಬರೋ ಕೆರಿ ದಂಡ್ಯಾಗಿನ ಕೋಳಿ ತಂದೀರೇನ್ರಿ? ಟೀವ್ಯಾಗ ಹಕ್ಕಿಜ್ವರ ಅಂತ ಬಡ್ಕೊಳಾಕತ್ಯಾರ. ಕೋಳಿ, ತತ್ತಿ ಎಲ್ಲಾ ಬಂದ್ ಮಾಡೇವಿ ನಾವು. ಹಸಿಗೂಸಿನ ಮನಿ ಇದು, ವಾಪಸ್ ಹೋಗ್ರಿ. ತೊಟ್ಟಿಲ ಕಾರ್ಯಕ್ಕೂ ಬರಬ್ಯಾಡ್ರಿ."

ಒಂದು ಗುಟುಕು ನೀರೂ ಕೊಡಲಿಲ್ಲ. ತಿರುಗಿ ಬರುವಾಗ ಆ ಕೋಳಿ ಬಸ್ಸಿನಲ್ಲಿ, ನನ್ನ ಮಡಿಲಲ್ಲೇ ತತ್ತಿ ಇಟ್ಟಿತು ನೋಡು. ಪಕ್ಕದವನು ಮೂಗಿಗೆ ಟವೆಲ್ ಕಟ್ಟಿಕೊಂಡು ಎದ್ದು ಹೋದ. ಸುರಪುರದವರೆಗೂ ಸೀಟು ಪೂರ್ತಿ ನನ್ನದೇ ಆಯಿತು.

ಮರುದಿನ ಸುರಪುರದ ದನದ ದವಾಖಾನೆಗೆ ಹೋಗಿ ಡಾಕ್ಟರನ್ನೇ ಕೇಳಿದೆ.

"ಚೊಲೊತ್ನಾಗ ಬೇಯಿಸಿದ್ರ ಏನೂ ಆಗಂಗಿಲ್ಲ. ಕೋಳಿನೂ ತಿನ್ರಿ, ತತ್ತಿನೂ ತಿನ್ರಿ" ಅಂದರು.

ಗೆದ್ದೆ ಅಂದುಕೊಂಡು ಎದ್ದೆ. ಅಷ್ಟರಲ್ಲಿ ಅವರು, "ಆದ್ರ ಯವ್ವಾ, ಜೀವಂತ ಕೋಳಿ ಬಗಲಾಗ ಹಿಡ್ಕೊಂಡು ಹಸಿಗೂಸಿನ ಹತ್ರ ಯಾಕ ಹೋಗಿದ್ದಿ? ಜಡ್ಡು ಇದ್ರ ಅದರ ಜೊಲ್ಲಿನಿಂದ, ಹಿಕ್ಕಿಯಿಂದ ಬರತೈತಿ. ಬೆಂದ ಸಾರಿನಿಂದ ಅಲ್ಲ" ಅಂದರು.

ಎದ್ದವಳು ಮತ್ತೆ ಕೂತೆ. ಹಸಿ ತತ್ತಿಯನ್ನು ಬಿಸಿಹಾಲಿಗೆ ಒಡೆದು ಬಾಣಂತಿಗೆ ಕುಡಿಸುವುದೂ ಬೇಡವಂತೆ. ಒಳಗಿನ ಹಳದಿ ಗಟ್ಟಿಯಾಗುವವರೆಗೆ ಕುದಿಸಬೇಕಂತೆ. ಹಸಿ ಮಾಂಸ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು, ಜಡ್ಡಾದ ಕೋಳಿಯನ್ನು ಕೊಯ್ಯಬಾರದು, ಸತ್ತ ಹಕ್ಕಿ ಕಂಡರೆ ಮುಟ್ಟದೆ ಅವರಿಗೆ ಹೇಳಬೇಕು.

ಈಗ ನಿಮ್ಮಪ್ಪ ಹಿತ್ತಲಲ್ಲಿ ಹಳೆಯ ಮೀನಿನ ಬಲೆ ಕಟ್ಟಿ ಕೋಳಿಗಳನ್ನೆಲ್ಲ ಒಳಗೆ ಹಾಕಿದ್ದಾರೆ. ಕೆರೆಯ ಹಕ್ಕಿಗಳ ಜೊತೆ ಅವುಗಳ ತಿರುಗಾಟ ಬಂದ್. "ಮೀನಾ ಹಿಡಿಯೋ ಬಲಿ ಕೋಳಿ ಕಾಯಾಕತ್ತೈತಿ ನೋಡು" ಎಂದು ಒಬ್ಬರೇ ನಗುತ್ತಾರೆ. ನಿನ್ನೆ ಕೋಳಿಸಾರು ಕುದಿಸಿ ಎಲ್ಲರೂ ಹೊಟ್ಟೆತುಂಬ ಉಂಡೆವು.

ಕರೆಯದಿದ್ದರೂ ಭಾನುವಾರ ತೊಟ್ಟಿಲ ಕಾರ್ಯಕ್ಕೆ ನಾನು ಬರುವವಳೇ. ಕೋಳಿ ತರುವುದಿಲ್ಲ. ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಡಬ್ಬಿಯಲ್ಲಿ ಸಾರು, ಗಟ್ಟಿ ಬೆಂದ ತತ್ತಿ ತರುತ್ತೇನೆ. ನೀನು ಬರೀ ಅನ್ನ, ತಿಳಿಸಾರು ಉಂಡು ಸೊರಗಿದ್ದೀಯ ಎಂದು ಸವಿತಾ ಹೇಳಿದಳು. ದೇವಕಮ್ಮನವರ ಎದುರು ಮೊದಲ ತುತ್ತು ನಾನೇ ತಿನ್ನುತ್ತೇನೆ. ಅವರು ಕೋಳಿಯನ್ನು ಹೊರಗೆ ನಿಲ್ಲಿಸಿದ್ದು ಸರಿ, ಸಾರಿಗೆ ಹೆದರಿದ್ದು ತಪ್ಪು. ಇದನ್ನು ಅವರ ಮುಖದ ಮೇಲೆಯೇ ಹೇಳುತ್ತೇನೆ.

ನೀನು, ಅಳಿಯಂದಿರು, ಮಕ್ಕಳು ನೂರು ವರ್ಷ ತಣ್ಣಗಿರಿ.

ನಿನ್ನ ಅವ್ವ,
ಸುಗಲಮ್ಮ

ತಾ.ಕ.: ಇದನ್ನು ಮಾತ್ರ ಯಾರಿಗೂ ಓದಿ ಹೇಳಬೇಡ. ಅತ್ತೆಯ ಮಾತು ನನಗೆ ಅಷ್ಟು ನಾಟಲಿಲ್ಲ. ಅವರ ಬೆನ್ನ ಹಿಂದೆ ನೀನು ಕೂಸನ್ನು ಎತ್ತಿಕೊಂಡು ನಿಂತಿದ್ದೆ. ನಾನು ನೋಡಬೇಕೆಂದು ಕತ್ತು ಚಾಚಿದಾಗ ನೀನು ಸೆರಗೆಳೆದು ಅದರ ಮುಖ ಮುಚ್ಚಿದೆ. ತಾಯಿ ಮಾಡಬೇಕಾದದ್ದನ್ನೇ ಮಾಡಿದೆ ಎಂದು ಡಾಕ್ಟರ ಮಾತು ಕೇಳಿದ ಮೇಲೆ ತಿಳಿಯಿತು. ಆದರೂ ನನ್ನ ಕರುಳು ಕೇಳುತ್ತಿಲ್ಲ ಭಾರತಿ. ಸೆರಗಿನ ಹೊರಗೆ ಒಂದು ಪುಟ್ಟ ಪಾದ ಇತ್ತು, ನಾನು ನೋಡಿದ್ದು ಅಷ್ಟೇ. ಭಾನುವಾರ ಬಾಗಿಲು ನೀನೇ ತೆಗೆ. ಸೋಪು ನಾನೇ ತರುತ್ತೇನೆ, ನಿನ್ನೆದುರೇ ಕೈ ತೊಳೆಯುತ್ತೇನೆ. ಆಮೇಲೆ ಕೂಸನ್ನು ನನ್ನ ಕೈಗೆ ಕೊಡುತ್ತೀಯಲ್ಲ?