ಲಾಳ ಹೊಡೆಯುವ ಮುಂಚೆ

ಅಬ್ಬಾ,

ಲಾಳ ಹೊಡೆಯುವ ಮುಂಚೆ ನೀವು ಕುದುರೆಯ ಹೆಗಲು, ಬೆನ್ನು ಅರ್ಧ ಗಂಟೆ ಒತ್ತುತ್ತಿದ್ದಿರಿ. ಅದನ್ನು ನಾನು ಉಳ್ಳವರ ಬಿಟ್ಟಿ ಚಾಕರಿ ಎಂದು, ಕಾರ್ಮಿಕ ಸಂಘದ ಗೆಳೆಯರ ಎದುರೇ ಕೂಗಾಡಿದ್ದೆ. ನೀವು ಒತ್ತುತ್ತಲೇ ಇದ್ದಿರಿ.

ಈಗ ನಿಮ್ಮ ಸುತ್ತಿಗೆ ನನ್ನ ಕೈಯಲ್ಲಿದೆ. ಇವತ್ತು ಹಲಗೂರಿನಿಂದ ಗಾಡಿ ಹೊಡೆದುಕೊಂಡು ಬಂದ ಪಟ್ಟಲಮ್ಮನ ಕುದುರೆ ಮುಂಗಾಲು ಎತ್ತಲು ಬಿಡಲಿಲ್ಲ. ಹಗ್ಗ ಹಾಕಿ ಎಳೆದೆ.

"ಲೇ ಒವೈಸು, ಧರಣಿ ಕೂತೋರ್ನ ಪೋಲೀಸ್ನೋರು ಎಳ್ದಂಗೆ ಎಳೀತಿದ್ದೀಯಲ್ಲಾ! ನಿಮ್ಮಪ್ಪ ಮದ್ಲು ಮೈ ಸವರೋರು ಕಣ್ಲಾ" ಎಂದು ಪಟ್ಟಲಮ್ಮ ಬೈದಳು.

ಹಗ್ಗ ಬಿಸಾಕಿದೆ. ಕುದುರೆಯ ಬಲ ಹೆಗಲಲ್ಲಿ ಗಂಟೊಂದು ಸಿಕ್ಕಿತು. ನಿಮ್ಮ ಹಾಗೆಯೇ ಹೆಬ್ಬೆರಳಲ್ಲಿ ಒತ್ತುತ್ತಾ ಕೆಳಗಿಳಿದೆ. ಸ್ವಲ್ಪ ಹೊತ್ತಿಗೆ ಅದು ಉದ್ದಕ್ಕೆ ಉಸಿರು ಬಿಟ್ಟು, ತಾನಾಗಿಯೇ ಕಾಲನ್ನು ನನ್ನ ತೊಡೆಗೆ ಕೊಟ್ಟಿತು. ಗೊರಸು ಒಂದೇ ಪಕ್ಕ ಬೆಳೆದಿತ್ತು. ಆ ಓರೆಯ ನೋವೇ ಹೆಗಲಿಗೆ ಏರಿತ್ತು. ಸಮನಾಗಿ ಹೆರೆದು ಲಾಳ ಹೊಡೆದೆ.

ಅಂಥದ್ದೇ ಗಂಟು ನಿಮ್ಮ ಬಲ ಹೆಗಲಲ್ಲೂ ಇತ್ತು ಅಬ್ಬಾ. ಅದು ನನ್ನ ಕೈಗೆ ಸಿಕ್ಕಿದ್ದು ನಿಮಗೆ ಕೊನೆಯ ಸ್ನಾನ ಮಾಡಿಸುವಾಗ.

ಒವೈಸ್