ರಸ್ತೆಯಾಚೆಯ ದೊಡ್ಡಿಗಳು

ಸೋಮವಾರ, ಸೆಪ್ಟೆಂಬರ್ 8

ಮಂಜು. ಮೇವಿನ ಲಾರಿ ಎರಡು ಸಲ ಕೆಮ್ಮಿ ಹೊರಟಿತು. ಡಾರೆಲ್ ಗೋದಲಿಗಳನ್ನು ನೋಡಿಕೊಂಡು ತಡವಾಗಿ ಬಂದ. ನನ್ನ ಗಂಡ ಬೇರೆ ವಿಷಯದಲ್ಲಿ ಹೇಗೋ ಏನೋ, ಗೋದಲಿಯಲ್ಲಿ ಉಳಿದ ಚೂರು ನೋಡಿಯೇ ಯಾವ ದೊಡ್ಡಿಗೆ ಇವತ್ತು ಎಷ್ಟು ಸುರಿಯಬೇಕೆಂದು ಹೇಳಬಲ್ಲ. ಕಾಫಿ ಬಗ್ಗಿಸಿಕೊಂಡು ಶುರು ಮಾಡಿದ.

"ಕೊಲೆಟ್ ಯಾರ್ಡಲ್ಲಿ ಗೋದಲಿ ನೋಡ್ಬೇಕು ಕಣೇ. ನೆಕ್ಕಿ ಕನ್ನಡಿ ಮಾಡಿಟ್ಟಿವೆ."

"ಬೆಳಗಾಗೆದ್ದು ಅಲ್ಲೇನು ಕೆಲಸ ನಿಂಗೆ?"

"ಜೋಳದ ಗಿರಣಿ ಬೆಲ್ಟ್ ಹರಿದಿತ್ತಂತೆ. ಫೋನ್ ಮಾಡಿದ್ಲು."

ನಮ್ಮ ಮನೆಯ ನೀರಿನ ತೊಟ್ಟಿ ಜೂನ್‌ನಿಂದ ಸೋರುತ್ತಿದೆ. ಅದಕ್ಕೆ ಫೋನ್ ಮಾಡಲು ಬರುವುದಿಲ್ಲ, ಪಾಪ.

ಎರಡು ವರ್ಷವಾಯಿತು ಅವಳು ಕೊಲೊರಾಡೊದಿಂದ ಬಂದು, ನಮ್ಮದರ ಹಾಗೇ ದನ ಮೇಯಿಸಿ ಕೊಬ್ಬಿಸುವ ಎದುರಿನ ಹಳೆಯ ಯಾರ್ಡ್ ಕೊಂಡು. ಒಂಟಿ ಹೆಂಗಸು. ಉದ್ದ ಜಡೆ. ಬೇಲಿಗೆಲ್ಲ ಬಿಳಿ ಬಣ್ಣ — ದನಕ್ಕೆ ಬಣ್ಣ ಕಟ್ಟಿಕೊಂಡು ಏನಾಗಬೇಕು? ಹೆದ್ದಾರಿಯಿಂದ ನಮ್ಮ ಮಣ್ಣುರಸ್ತೆಗೆ ಬಂದರೆ ಎಡಕ್ಕೆ ನಾವು, ಬಲಕ್ಕೆ ಅವಳು. ಇಪ್ಪತ್ತು ವರ್ಷ ಪೆಟ್ಸ್ಕಾನ ಪಿಕಪ್ ಮೊದಲು ಎಡಕ್ಕೆ ತಿರುಗುತ್ತಿತ್ತು. ಮಾಂಸದ ಕಾರ್ಖಾನೆಯ ಖರೀದಿದಾರ ಅವನು. ಅವನು ಮೊದಲು ಎಲ್ಲಿ ನಿಲ್ಲುತ್ತಾನೆ ಅನ್ನುವುದೇ ಇಲ್ಲಿ ಮರ್ಯಾದೆ. ಈ ಬೇಸಿಗೆಯಿಂದ ಮೊದಲು ಬಲಕ್ಕೆ.

ಹಾಳಾಗಿ ಹೋಗಲಿ. ಆದರೆ ಹಾರ್ಲನ್ ಮುದುಕನ ಪಿಕಪ್ ಕೂಡ ಆಗಸ್ಟಿನಲ್ಲಿ ಬಲಕ್ಕೆ ತಿರುಗಿತು. ಕಣ್ಣಾರೆ ಕಂಡೆ. ಉತ್ತರದ ಮರಳುಗುಡ್ಡದ ಹುಲ್ಲುಗಾವಲಿಂದ ಪ್ರತಿ ಅಕ್ಟೋಬರ್‌ನಲ್ಲಿ ಅವನ ಕರುಗಳು ನಮ್ಮಲ್ಲಿಗೆ ಬರುತ್ತವೆ. ನಾವು ಮೇಯಿಸಿ, ಬೆಳೆಸಿ, ಮಾರಿಕೊಡುತ್ತೇವೆ. ದೇಶದಲ್ಲೇ ದನ ಕಡಿಮೆಯಾದ ಕಾಲ ಇದು. ನಮ್ಮ ಅರ್ಧ ದೊಡ್ಡಿಗಳು ಈಗಲೇ ಖಾಲಿ. ಹಾರ್ಲನ್‌ನ ಕರುಗಳೂ ಬಲಕ್ಕೆ ಹೋದರೆ ಉಳಿದದ್ದಕ್ಕೆ ಬೀಗ.


ಮಂಗಳವಾರ, ಸೆಪ್ಟೆಂಬರ್ 9

ಪೆಟ್ಸ್ಕಾ ಹನ್ನೊಂದಕ್ಕೆ ಬಂದ. ಅವಳಲ್ಲಿಗೆ ಹೋಗಿ, ತಿಂದು, ಆಮೇಲೆ. ಅಂಗಿಯ ಮೇಲೆ ಅವಳು ಬೇಯಿಸಿದ ಪೀಚ್ ಹಣ್ಣಿನ ಪೈ ಚೂರು.

ಹದಿನಾಲ್ಕನೇ ದೊಡ್ಡಿ ತೋರಿಸಿದೆ. ಹಾರ್ಲನ್‌ನ ಕಳೆದ ಸಾಲಿನ ಹೋರಿಗಳು, ಎರಡು ಲಾರಿಗಾಗುವಷ್ಟು. ಬಲಿತು ನಿಂತಿವೆ. ಪಿಕಪ್‌ನ ಕಿಟಕಿಯಿಂದಲೇ ನೋಡಿ, ನೂರು ಪೌಂಡ್ ತೂಕಕ್ಕೆ ಹೋದ ವಾರಕ್ಕಿಂತ ಒಂದು ಡಾಲರ್ ಮೇಲೆ ಹೇಳಿದ. ಒಳ್ಳೆಯ ಬೆಲೆಯೇ. ಹೂಂ ಅಂದರೆ ಮುಗಿಯಿತು — ನಮ್ಮಲ್ಲಿ ಕಾಗದ ಪತ್ರ ಇಲ್ಲ, ಮಾತೇ ಎಲ್ಲ. ಊಹೂಂ ಅಂದರೂ ಅಷ್ಟೇ, ಆ ಬೆಲೆ ಅವನ ಜೊತೆ ಹೊರಟುಹೋಗುತ್ತದೆ.

"ಎದುರುಗಡೆ ಎಷ್ಟು ಹೇಳ್ದೆ?" ಕೇಳಿಯೇಬಿಟ್ಟೆ.

"ಅದು ಅವ್ರನ್ನೇ ಕೇಳಿ, ಲವೋನ್. ನಾನು ಒಂದು ಮನೆ ಮಾತು ಇನ್ನೊಂದು ಮನೆಗೆ ಒಯ್ಯಲ್ಲ."

"ಪೈ ಮಾತ್ರ ಒಯ್ತೀಯ, ಅಂಗಿ ಮೇಲೆ."

ಕೊಡವಿಕೊಂಡ. ನಕ್ಕ.

ದುರ್ಬೀನು ಹಾಕಿ ನೋಡಿದೆ. ಅವಳ ದೊಡ್ಡಿಗಳು ತುಂಬಿಯೇ ಇವೆ. ಒಂದೂ ಕದಲಿಲ್ಲ. ಅಂದರೆ ಇದೇ ಬೆಲೆಗೆ ಅವಳೂ ಊಹೂಂ ಅಂದಿದ್ದಾಳೆ. ನಿನ್ನೆ ಮೊನ್ನೆ ಬಂದವಳು ತಡೆದು ನಿಂತಿರುವಾಗ ನಾನು ಮೊದಲು ಕೈಚಾಚಲೇ? ಊಹೂಂ ಅಂದೆ. ಪೆಟ್ಸ್ಕಾ ಹುಬ್ಬೇರಿಸಿದ. ಹೊರಟ.

ರಾತ್ರಿ ಊಟಕ್ಕೆ ಕೂತಾಗ ಡಾರೆಲ್ — "ಕೊಲೆಟ್ ಇವತ್ತು..."

"ಆ ಹೆಸರು ಈ ಮೇಜಿನ ಮೇಲೆ ಬರಕೂಡದು."

"ಅಲ್ಲ ಕಣೇ, ಅವಳ ದನದ ವಿಷ್ಯ..."

"ದನದ್ದೂ ಬೇಡ, ಬಾಲದ್ದೂ ಬೇಡ. ಹೆಸರೆತ್ತಿದ್ರೆ ಎದ್ದೋಗ್ತೀನಿ."

ತಲೆ ತಗ್ಗಿಸಿ ಬೀನ್ಸ್-ಮಾಂಸದ ಚಿಲಿ ತಿಂದ. ಒಳ್ಳೆಯದಾಯಿತು.


ಶುಕ್ರವಾರ, ಸೆಪ್ಟೆಂಬರ್ 19. ಮಧ್ಯಾಹ್ನ

ಎರಡು ಗಂಟೆಗೆ ಸರ್ಕಾರದ ತಿಂಗಳ ವರದಿ ಬಂತು. ದೇಶದ ಯಾರ್ಡುಗಳಲ್ಲಿ ದನ ಹೋದ ವರ್ಷಕ್ಕಿಂತ ಕಡಿಮೆ. ಹೊಸದಾಗಿ ಒಳಗೆ ಬಂದದ್ದು ಇನ್ನೂ ಕಡಿಮೆ. ಓದಿ ಮೇಜು ಗುದ್ದಿದೆ. ದನ ಕಡಿಮೆ ಇದ್ದ ಮೇಲೆ ಬೆಲೆ ಏರದೆ ಎಲ್ಲಿ ಹೋಗುತ್ತದೆ?

"ಮೂರನೇ ಸಾಲೂ ಓದು," ಅಂದ ಡಾರೆಲ್. "ಮಾರಿ ಹೊರಗೆ ಹೋದದ್ದು ಎಲ್ಲಕ್ಕಿಂತ ಕಡಿಮೆ. ಅಂದ್ರೆ ಎಲ್ರೂ ನಿನ್ ಹಾಗೆ ಕಟ್ಕೊಂಡು ಕೂತಿದಾರೆ. ದಿನಾ ತೂಕ ಏರ್ತಿದೆ. ತಲೆ ಕಡಿಮೆ ಇರ್ಬಹುದು ಕಣೇ, ಮಾಂಸ ಕಡಿಮೆ ಇಲ್ಲ."

"ನೀನು ಗೋದಲಿ ನೋಡ್ಕೋ. ಮಾರೋದು ನನ್ನ ಕೆಲಸ."

"ಸರಿ. ಆದ್ರೆ ರಸ್ತೆ ಆಚೆ..."

ನೋಡಿದೆ ಅವನನ್ನು. ಬಾಯಿ ಮುಚ್ಚಿಕೊಂಡ.

ಸಂಜೆ ಅವನ ಪಿಕಪ್‌ನಲ್ಲಿ ಒಂದು ಪೈ ತಟ್ಟೆ ಸಿಕ್ಕಿತು. ಬೆಲ್ಟ್ ಹಾಕಿಕೊಟ್ಟ ಉಪಕಾರಕ್ಕಂತೆ. ಎರಡು ತುಂಡು ಉಳಿದಿತ್ತು. ಬಿಸಾಡಲು ಹೋಗಿ ಒಂದು ತುಂಡು ತಿಂದೆ, ನಿಂತುಕೊಂಡೇ. ಚೆನ್ನಾಗಿತ್ತು. ಅದೇ ನನ್ನ ಸಂಕಟ. ಒಂದು ಸಲವಾದರೂ ಹಿಟ್ಟು ಸೀಯಬಾರದೇ ಅವಳಿಗೆ? ಇನ್ನೊಂದನ್ನೂ ತಿಂದೆ.


ಭಾನುವಾರ, ಸೆಪ್ಟೆಂಬರ್ 21

ಚರ್ಚಿನಿಂದ ಬಂದವಳೇ ಹುಳಿಸಿದ ಮೇವಿನ ಸೈಲೇಜ್ ರಾಶಿ ಹತ್ತಿದೆ. ಅಲ್ಲಿಂದ ಅವಳ ಹಿಂದಿನ ಸಾಲೂ ಕಾಣುತ್ತದೆ. ಪ್ಲಾಸ್ಟಿಕ್ ಹೊದಿಕೆ ಜಾರುತ್ತದೆ, ಮೇಲೆ ಹೇರಿದ ಹಳೆಯ ಟೈರುಗಳನ್ನು ಹಿಡಿದು ಹಿಡಿದು ಹತ್ತಬೇಕು. ಚರ್ಚಿನ ಲಂಗದಲ್ಲಿ. ಐವತ್ತೆರಡನೇ ವಯಸ್ಸಿಗೆ.

ಎಲ್ಲ ದೊಡ್ಡಿಗಳೂ ತುಂಬಿವೆ. ಗಟ್ಟಿಗಿತ್ತಿ, ಬಿಡುತ್ತಿಲ್ಲ. ಅವಳು ಬಿಡುವವರೆಗೆ ನಾನೂ ಬಿಡುವುದಿಲ್ಲ.

ದುರ್ಬೀನು ಸ್ವಲ್ಪ ಈಚೆ ತಿರುಗಿಸಿದೆ — ಬೇಲಿ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಾಳೆ! ಕೈ ಬೀಸಿದಳು.

"ಏನಾದ್ರೂ ಕಳೆದುಹೋಯ್ತಾ ಲವೋನ್ ಅವ್ರೇ?"

"ನರಿ! ನರಿ ಬಂದಿತ್ತು, ನೋಡ್ತಿದ್ದೆ!"

"ಯಾವ ಕಡೆ ಹೋಯ್ತು?"

"ನಿಮ್ಮ ಕಡೆಗೇ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇಳಿಯುವಾಗ ಜಾರಿ ಕೂತೆ. ಲಂಗಕ್ಕೆಲ್ಲ ಹುಳಿ ವಾಸನೆ. ಡಾರೆಲ್ ಏನೂ ಕೇಳಲಿಲ್ಲ. ಕೇಳದೆ ನಗುವುದನ್ನು ಯಾರು ಕಲಿಸಿದರೋ ಅವನಿಗೆ.


ಮಂಗಳವಾರ, ಸೆಪ್ಟೆಂಬರ್ 23

ಬೆಳಕು ಹರಿಯುವ ಮೊದಲೇ ಲಾರಿಗಳ ಸದ್ದು. ಒಂದರ ಹಿಂದೊಂದು ಬಲಕ್ಕೆ ತಿರುಗಿದವು. ತಿಂಡಿ ಹೊತ್ತಿಗೆ ಅವಳ ಮುಂದಿನ ಸಾಲು ಪೂರ್ತಿ ಖಾಲಿ.

ಮಾರಿದ್ದಾಳೆ. ಇವತ್ತಲ್ಲ. ಒಂಬತ್ತನೇ ತಾರೀಕು ನಾನು ಊಹೂಂ ಅಂದ ಅದೇ ಬೆಳಿಗ್ಗೆ, ಅದೇ ಬೆಲೆಗೆ ಅವಳು ಹೂಂ ಅಂದಿದ್ದಾಳೆ. ಮಾರಿದ ದನ ಕಾರ್ಖಾನೆಯವರು ಕರೆಯುವ ತನಕ ಎರಡು ವಾರ ಅದೇ ದೊಡ್ಡಿಯಲ್ಲಿ ನಿಂತಿರುತ್ತದೆ. ಇದು ಈ ಜಿಲ್ಲೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತು, ನಾನೇ ಎಷ್ಟು ಸಲ ಹಾಗೆ ನಿಲ್ಲಿಸಿಕೊಂಡಿಲ್ಲ? ಆದರೆ ದುರ್ಬೀನಿನಲ್ಲಿ ದನದ ಬದಲು ಅವಳ ಜಡೆ ನೋಡುತ್ತಿದ್ದೆನಲ್ಲ.

"ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತು," ಅಂದ ಡಾರೆಲ್.

"ಯಾಕೆ ಬೊಗಳ್ಲಿಲ್ಲ?"

"ಎರಡು ಸಲ ಬಾಯಿ ತೆಗೆದೆ. ಹೆಸರೆತ್ತಬೇಡ ಅಂದೆ ನೀನು. ಹೆಸರಿಲ್ದೆ ಹೇಳೋಣ ಅಂತ ನೋಡ್ದೆ. ರಸ್ತೆನೂ ಎತ್ತೋ ಹಾಗಿರ್ಲಿಲ್ಲ."

ಪೆಟ್ಸ್ಕಾ ಇವತ್ತು ಬರಲಿಲ್ಲ. ಕಾರ್ಖಾನೆ ಕೆಲಸದ ಗಂಟೆ ಇಳಿಸಿದೆಯಂತೆ. ಬೇಕಾದಷ್ಟು ಕೊಂಡಾಗಿದೆಯಂತೆ.


ಗುರುವಾರ, ಅಕ್ಟೋಬರ್ 2

ಬರೆಯಲು ಮನಸ್ಸಿರಲಿಲ್ಲ.

ಹದಿನಾಲ್ಕನೇ ದೊಡ್ಡಿ ಕೊಬ್ಬಿ ಕೂತಿದೆ. ಬಾಲದ ಬುಡದಲ್ಲಿ ಕೊಬ್ಬು ಉಬ್ಬಿ ಗುಳಿ ಬಿದ್ದಿದೆ, ಎದೆ ಜೋತಿದೆ. ಗೋದಲಿಗೆ ನಡೆದು ಬರಲು ಕೂಡ ಯೋಚನೆ ಮಾಡುತ್ತವೆ. ಬೆಲೆ ಇಳಿದಿದೆ. ಅತಿಕೊಬ್ಬಿಗೆ ಅದರ ಮೇಲೆ ಕಡಿತ ಬೇರೆ. ಅವು ನನ್ನ ಹೋರಿಗಳಾಗಿದ್ದರೆ ಮಾಡಿದ್ದುಣ್ಣೋ ಮಹರಾಯ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಅವು ಹಾರ್ಲನ್‌ನವು. ಶನಿವಾರ ಬರುತ್ತಾನಂತೆ, ನೋಡಲು. ಕರುಗಳನ್ನು ಈ ಸಲ ಯಾವ ಕಡೆ ಕಳಿಸುವುದೆಂದು ಆಮೇಲೆ ಹೇಳುತ್ತಾನಂತೆ.

ಡಾರೆಲ್ ಊಟದ ತಟ್ಟೆ ತಳ್ಳಿ, ಛಾವಣಿ ನೋಡುತ್ತ ಮಾತಾಡಿದ.

"ಒಬ್ರಿದ್ದಾರೆ. ಹೆಸರು ಹೇಳೋ ಹಾಗಿಲ್ಲ. ಸೋಮವಾರ ಕಾರ್ಖಾನೆಗೆ ಎರಡು ಲಾರಿ ಕಳಿಸ್ತೀನಿ ಅಂತ ಅವ್ರು ಮಾತು ಕೊಟ್ಟಿದ್ರು. ಅವ್ರ ಕಡಸುಗಳು ಇನ್ನೂ ಬಲಿತಿಲ್ಲ. ಕಾರ್ಖಾನೆ ಸರದೀಲಿ ಅವ್ರಿಗೆ ಜಾಗ ಇದೆ, ದನ ಇಲ್ಲ. ಇಲ್ಲಿ ಒಬ್ರಿಗೆ ದನ ಇದೆ, ಜಾಗ ಇಲ್ಲ. ಹೋಗಿ ಕೇಳೋಕೆ ಕಾಲೂ ಇಲ್ವೇನೋ."

"ನೀನೇ ಕೇಳು. ದಿನಾ ಹೋಗ್ತೀಯಲ್ಲ."

"ಮಾರೋದು ನಿನ್ನ ಕೆಲಸ ಅಂದಿದ್ದು ನೀನೇ."


ಶುಕ್ರವಾರ, ಅಕ್ಟೋಬರ್ 3

ಹೋದೆ.

ಪೈ ತಟ್ಟೆ ತೊಳೆದು ಎರಡು ವಾರ ಆಗಿತ್ತು. ಖಾಲಿ ತಟ್ಟೆ ಹಿಂದಿರುಗಿಸಬಾರದು, ನಮ್ಮಮ್ಮ ಹೊಡೆದು ಕಲಿಸಿದ್ದು. ದಾಲ್ಚಿನ್ನಿ ರೋಲ್ ಮಾಡಿ ತುಂಬಿದೆ. ಪ್ರೀತಿಗಲ್ಲ. ನಮ್ಮ ಮನೆಯಲ್ಲೂ ಹಿಟ್ಟು ಉಬ್ಬುತ್ತದೆ ಅಂತ ತಿಳಿಯಲಿ.

"ಅಂತೂ ನನ್ನ ತಟ್ಟೆ ಊರಿಗೆ ಬಂತು," ಅಂದಳು. "ನರಿ ಸಿಕ್ತಾ?"

"ಇಲ್ಲ."

"ನಾನು ಹುಡುಕ್ದೆ. ಇಲ್ಲೂ ಇಲ್ಲ." ಕಾಫಿ ಕೊಟ್ಟಳು. ನಗುತ್ತಿದ್ದಳೋ ಇಲ್ಲವೋ ನೋಡಲಿಲ್ಲ.

ಅರ್ಧ ಲೋಟ ಕಾಫಿ ಕುಡಿದೆ. ಕೊನೆಗೆ ಕಿಟಕಿ ನೋಡಿಕೊಂಡು ಹೇಳಿದೆ — "ಸೋಮವಾರದ ಜಾಗ..."

"ನಿಮ್ಮದು. ಡಾರೆಲ್‌ಗೆ ಹೋದ ವಾರವೇ ಹೇಳಿದ್ನಲ್ಲ?"

"ಹೇಳ್ಲಿಲ್ಲ ಅವನು."

"ಯಾಕಂತೆ?"

ಯಾಕೆಂದು ಹೇಗೆ ಹೇಳಲಿ? ರೋಲ್ ತಿನ್ನಿ ಅಂದೆ. ತಿಂದು ಬೆರಳು ನೆಕ್ಕಿದಳು. "ಇದನ್ನ ಪೆಟ್ಸ್ಕಾ ಹೊಗಳಿ ಹೊಗಳಿ ನನ್ನ ಹೊಟ್ಟೆ ಉರಿಸ್ತಾನೆ," ಅಂದಳು.

ಅವನು ಹೊಗಳುತ್ತಾನೆಯೇ? ಇಪ್ಪತ್ತು ವರ್ಷದಲ್ಲಿ ನನ್ನೆದುರು ಒಂದು ಸಲ ಹೊಗಳಿಲ್ಲ, ಹಂದಿ.


ಶನಿವಾರ, ಅಕ್ಟೋಬರ್ 4

ಹಾರ್ಲನ್ ಬಂದ. ಟೋಪಿ ಹಿಂದಕ್ಕೆ ತಳ್ಳಿ ತನ್ನ ಹೋರಿಗಳನ್ನು ಬಹಳ ಹೊತ್ತು ನೋಡಿದ.

"ಜಾಸ್ತಿ ದಿನ ಇಟ್ಕೊಂಡೆ ಕಣಮ್ಮಾ."

"ಹೌದು. ನನ್ನದೇ ತಪ್ಪು. ಸೋಮವಾರ ಹೋಗ್ತವೆ."

"ಯಾರ ಜಾಗದಲ್ಲಿ?"

ಹೇಳದೆ ವಿಧಿ ಇರಲಿಲ್ಲ. ರಸ್ತೆಯಾಚೆಗೆ ಗಲ್ಲ ಎತ್ತಿ ತೋರಿಸಿದೆ. ಮುದುಕ ನಕ್ಕ.

"ಆಗಸ್ಟಲ್ಲಿ ಅಲ್ಲಿಗೆ ಹೋಗಿದ್ದೆ ನಾನು. ನನ್ನ ಕರು ತಗೋತೀಯಾ ಅಂತ ಕೇಳ್ದೆ. ಬೇಡ ಅಂದ್ಲು."

"ಬೇಡ? ಯಾಕೆ?"

"ಎದುರಿನ ಯಾರ್ಡ್ ಖಾಲಿಯಾದ್ರೆ ಪೆಟ್ಸ್ಕಾ ನನ್ನೊಬ್ಬಳಿಗೋಸ್ಕರ ಹೆದ್ದಾರಿ ಬಿಟ್ಟು ಈ ಧೂಳಿಗೆ ಬರ್ತಾನಾ, ಅಂದ್ಲು. ಎರಡು ಯಾರ್ಡ್ ಇದ್ರೇನೇ ಇಬ್ರಿಗೂ ಬೆಲೆ, ಅಂದ್ಲು. ಕರು ನಿನಗೇ ಕಳಿಸ್ತೀನಿ ಬಿಡು. ದುರ್ಬೀನು ಮಾತ್ರ ಮಾರಿಬಿಡು."

ಡಾರೆಲ್‌ನ ಬಾಯಿ ಅಲ್ಲಿಯವರೆಗೆ ಹೋಗಿದೆ!

ಗೆದ್ದೆ. ಹಾರ್ಲನ್‌ನ ಕರು ನನ್ನವೇ. ಆದರೂ ಸಂಜೆ ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ. ಬರೀ ಒಳ್ಳೆಯವಳಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬುದ್ಧಿವಂತೆ. ಹುಟ್ಟಿದಾಗಿನಿಂದ ಈ ರಸ್ತೆಯಲ್ಲಿರುವ ನನಗೆ ಆ ಲೆಕ್ಕ ಹೊಳೆಯಲಿಲ್ಲ. ಆಗಸ್ಟಿನಿಂದ ನಾನು ಉರಿಯುತ್ತಿದ್ದದ್ದು ಅವಳು ಬೇಡವೆಂದ ಕರುಗಳಿಗಾಗಿ.


ಭಾನುವಾರ, ಅಕ್ಟೋಬರ್ 19

ಸಂಜೆ ಹೊತ್ತಿಗೆ ದನ ಎದ್ದು ಓಡಾಡಿ ಧೂಳೇಳಬೇಕು. ನಮ್ಮ ಕಡೆ ಸ್ವಲ್ಪ ಏಳುತ್ತದೆ. ಆಚೆ ಇಲ್ಲ. ಹಿಂದಿನ ಸಾಲಿನ ಕಡಸುಗಳು ಬಿಟ್ಟರೆ ಅವಳಲ್ಲಿ ಏನೂ ಉಳಿದಿಲ್ಲ. ಮುಂದಿನ ಸಾಲು ತುಂಬಲು ಕರು ಸಿಕ್ಕಿಲ್ಲ. ಸಂತೆಯಲ್ಲಿ ಕರುವಿನ ಬೆಲೆ ಮುಟ್ಟಿದರೆ ಕೈ ಸುಡುತ್ತದೆ, ಯಾರೂ ಕೊಳ್ಳುವ ಹಾಗಿಲ್ಲ. ಬಿಳಿ ಬೇಲಿ ಮಾತ್ರ ಉದ್ದಕ್ಕೂ ಹಾಗೇ ಇದೆ.

ಇದನ್ನು ನೋಡಲಿಕ್ಕೇ ಎರಡು ವರ್ಷ ಕಾದಿದ್ದೆ. ನೋಡಿದೆ. ಏನೋ ಸಪ್ಪೆ.

ಪೆಟ್ಸ್ಕಾ ಈ ಮಂಗಳವಾರವೂ ಬರಲಿಲ್ಲ. "ನಿಮ್ಮದೊಂದೇ ಯಾರ್ಡ್‌ಗೆ ಅಷ್ಟು ದೂರ ಬರ್ಬೇಕಲ್ಲ, ಮುಂದಿನ ವಾರ ನೋಡೋಣ" ಎಂದು ಫೋನಿನಲ್ಲಿ ಅಂದ.

ಹಾರ್ಲನ್‌ಗೆ ಫೋನ್ ಮಾಡಿದೆ. ಒಂದು ಮಾತು ಕೇಳಿದೆ. ಅವನು "ನಿನ್ನ ತಲೆ ನೆಟ್ಟಗಿದೆ ತಾನೇ?" ಅಂದ. ಆಮೇಲೆ, "ಆಗ್ಲಿ" ಅಂದ.

ಡಾರೆಲ್‌ಗೆ ಹೇಳಿಲ್ಲ.


ಮಂಗಳವಾರ, ಅಕ್ಟೋಬರ್ 21

ಕರುಗಳು ಬಂದವು. ನಾಲ್ಕು ಲಾರಿ. ತಾಯಿ ಬಿಟ್ಟು ಬಂದ ಕೂಗು ಹೆದ್ದಾರಿಯಿಂದಲೇ ಕೇಳುತ್ತಿತ್ತು. ರಸ್ತೆಯ ನಡುವೆ ನಿಂತುಕೊಂಡೆ. ಮೊದಲೆರಡು ಲಾರಿ ಎಡಕ್ಕೆ ಹೋದವು. ಮೂರನೆಯವನಿಗೆ ಕೈ ಅಡ್ಡ ಹಿಡಿದೆ.

"ಎಡಕ್ಕೆ ತಾನೇ ಅಮ್ಮಾ?"

"ಬಲಕ್ಕೆ. ಹಿಂದಿನವನಿಗೂ ಹೇಳು."

ಡಾರೆಲ್ ಗೇಟು ಹಿಡಿದು ನಿಂತಲ್ಲೇ ನಿಂತಿದ್ದ. ಅವಳು ಮನೆಯಿಂದ ಓಡಿ ಬಂದಳು, ಜಡೆ ಹೆಣೆದಿರಲಿಲ್ಲ. ಡ್ರೈವರ್‌ಗೆ ತಪ್ಪು ದಾರಿ ಎಂದು ಕೈಯಾಡಿಸಿದಳು. ಅವನು ನನ್ನ ಕಡೆ ತೋರಿಸಿದ. ನಾನು ತಿರುಗಿ ಮನೆಗೆ ಬಂದೆ.

ಕನಿಕರ ಅಲ್ಲ. ಪೆಟ್ಸ್ಕಾನ ಲೆಕ್ಕ. ಎರಡು ಯಾರ್ಡ್ ಇದ್ದರೆ ಬರುತ್ತಾನೆ. ಹಾಗೆಂದು ಡಾರೆಲ್‌ಗೂ ಹೇಳಿದೆ. "ಹೂಂ ಹೂಂ, ಲೆಕ್ಕ," ಅಂದ. ಅವನ ಮುಖ ನೋಡಬೇಕಿತ್ತು. ಅವಳ ಗೋದಲಿ ಹೊಗಳುವಾಗಲೂ ಅಷ್ಟು ಬೆಳಗಿರಲಿಲ್ಲ. ಇದನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

ಮುಂದಿನ ವರ್ಷ ಎರಡೂ ಕಡೆ ತೂಗಿ ನೋಡುತ್ತೇವಲ್ಲ. ಒಂದೇ ಮುದುಕನ ಕರು, ಒಂದೇ ರಸ್ತೆ. ನನ್ನವು ಹೆಚ್ಚು ತೂಗದಿದ್ದರೆ ಕೇಳಿ.

ಫೋನು ಹೊಡೆದುಕೊಳ್ಳುತ್ತಿದೆ. ಡಾರೆಲ್ ಪಕ್ಕದಲ್ಲೇ ಇದ್ದಾನೆ, ಎತ್ತುತ್ತಿಲ್ಲ. ನಿನಗೇ ಅನ್ನುತ್ತಾನೆ. ಯಾರು ಅಂತ ಕೇಳಿದರೆ, ಹೆಸರು ಹೇಳಲು ತನಗೆ ಅಪ್ಪಣೆ ಇಲ್ಲವಂತೆ. ಅಳುತ್ತಿದ್ದರೆ ನನಗೆ ಏನು ಹೇಳಬೇಕೋ ತಿಳಿಯದು. ನಗುತ್ತಿದ್ದರೆ ಇನ್ನೂ ತಿಳಿಯದು. ಎತ್ತುತ್ತೇನೆ. ಕೊಲೆಟ್ —